ದುಬಲಗುಂಡಿಯವನ ಕೈಗುಣ

ಹುಮನಾಬಾದಿನ ಆ ಬೇಳೆ ಮಿಲ್ಲಿನೊಳಗೆ ನಾನು ಕಾಲಿಟ್ಟಾಗ, ಐವತ್ತು ದಾಟಿದ ಒಬ್ಬ ಮನುಷ್ಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮಶೀನಿನ ಮುಂದೆ ನಿಂತಿದ್ದ. ಮಶೀನು ಓಡುತ್ತಿತ್ತು, ಆತ ನೋಡುತ್ತಿದ್ದ, ಅಷ್ಟೇ. ಮಾಸ್ತರರ ಕೈಗೆ ಸಿಕ್ಕ ಹುಡುಗನ ಹಾಗೆ ಯಾಕೆ ನಿಂತಿದ್ದಾನೆ ಎಂದು ನಾನು ಕೇಳುವ ಮೊದಲೇ ಮಿಲ್ಲಿನ ಸಾವಕಾರ ಹೇಳಿದ:

“ನಾನ ಹಂಗ ನಿಲ್ಸೀನ್ರಿ ಮೇಡಂ. ಇವ ಮಶೀನಿನ ಆಪರೇಟರ. ಆದ್ರ ಇವನ ಕೈ ಮಶೀನಿಗೆ ತಾಗಬಾರದು. ಕೈಗುಣ ಛಲೋ ಇಲ್ಲ ಇವಂದು.”

ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡು ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಚೀಲ ಹೊರುತ್ತಿದ್ದ ಹಮಾಲರು ನನ್ನ ಮುಖ ನೋಡಿ ಮತ್ತೆ ತಮ್ಮ ಕೆಲಸಕ್ಕೆ ಹೋದರು.

ನಾನು ಇರುವುದು ಬಸವಕಲ್ಯಾಣದಲ್ಲಿ, ಸೋದರಮಾವನ ಮನೆಯ ಮಾಳಿಗೆಯ ಮೇಲಿನ ಖೋಲಿಯಲ್ಲಿ. ಅಲ್ಲಿಂದಲೇ ಹೈದರಾಬಾದಿನ ಒಂದು ಸಣ್ಣ ಮಶೀನ್ ಕಂಪನಿಗೆ ಡ್ರೈವರ್ ಬರೆಯುತ್ತೇನೆ. ಲಾರಿ ಓಡಿಸುವ ಡ್ರೈವರ್ ಅಲ್ಲ. ಕ್ಯಾಮೆರಾಕ್ಕೂ ಕಂಪ್ಯೂಟರಿಗೂ ನಡುವೆ ನಿಂತು ಮಾತು ದಾಟಿಸುವ ಸಾಫ್ಟ್‌ವೇರು. ನಮ್ಮ ಮಶೀನು ಮಾಡುವುದು ಇಷ್ಟು: ತೊಗರಿ ಬೇಳೆ ಇಳಿಜಾರಿನ ಮೇಲಿಂದ ತೆಳ್ಳಗೆ ಜಾರಿ ಬೀಳುತ್ತದೆ, ಬೀಳುವಾಗ ಯುಎಸ್‌ಬಿ ವೈರಿನ ಎರಡು ಕ್ಯಾಮೆರಾ ಅದನ್ನು ನೋಡುತ್ತವೆ. ಕಲ್ಲು, ಕರಿ ಕಾಳು, ಸಿಪ್ಪೆ ಬಿಡದ ಕಾಳು ಕಂಡರೆ ಕೆಳಗಿನ ನಳಿಕೆಯಿಂದ ಗಾಳಿ ಬಡಿದು ಅದನ್ನು ಆಚೆ ಹಾರಿಸುತ್ತದೆ. ಎಲ್ಲಾ ಕಣ್ಣು ಮಿಟುಕಿಸುವುದರೊಳಗೆ. ಚಿತ್ರ ತಲುಪುವುದು ಒಂದಿಷ್ಟು ಹಿಂದೆ ಮುಂದೆ ಆದರೆ ಸಾಕು, ಬಂಗಾರದಂಥ ಬೇಳೆ ಆಚೆ ಹಾರಿ ಕಲ್ಲು ಚೀಲಕ್ಕೆ ಬೀಳುತ್ತದೆ.

ಆ ಮಿಲ್ಲಿನಲ್ಲಿ ಅದೇ ಆಗುತ್ತಿತ್ತು. ಯಾವಾಗಲೂ ಅಲ್ಲ, ಆಗಾಗ. ನಮ್ಮ ಕೆಲಸದಲ್ಲಿ ‘ಆಗಾಗ’ ಎನ್ನುವಷ್ಟು ದರಿದ್ರ ಶಬ್ದ ಇನ್ನೊಂದಿಲ್ಲ.

ಸಾವಕಾರನ ಹತ್ತಿರ ಅದಕ್ಕೆ ತನ್ನದೇ ಆದ ಶಾಸ್ತ್ರವಿತ್ತು. ಪ್ರತಿ ಅಮಾವಾಸ್ಯೆಗೆ ಮಿಲ್ಲು ಬಂದ್. ಮೇನ್ ಸ್ವಿಚ್ ಇಳಿಸಿ, ಮಶೀನು ತೊಳೆದು ಒರೆಸಿ, ಅವನ ಅಪ್ಪ ಬಂದು ಕುಂಕುಮ ಹಚ್ಚಿ ಕಾಯಿ ಒಡೆದು ನಿಂಬೆಹಣ್ಣು ಕಟ್ಟುತ್ತಾರೆ. ಈ ಸೀಮೆಯಲ್ಲಿ ಹಿಟ್ಟಿನ ಗಿರಣಿಯಿಂದ ಹಿಡಿದು ಗ್ಯಾರೇಜಿನವರೆಗೂ ಹೀಗೇ.

“ಅಮಾಸಿ ಮರುದಿನ ಮಶೀನ ಹೂವಿನಂಗ ನಡೀತದ್ರಿ,” ಅಂದ ಸಾವಕಾರ. “ನಾಕ್ ದಿನ ಆದಮ್ಯಾಲ ಕ್ಯಾಮೆರಾ ನಿಲ್ತದ. ಈತ ಹೋಗಿ ವೈರ್ ಕಿತ್ತು ಹಾಕ್ತಾನ. ಮುಗೀತು! ಅಲ್ಲಿಂದ ಮಶೀನಿಗೆ ಹುಚ್ಚು ಹಿಡೀತದ. ನಮ್ಮಪ್ಪನ ಕೈ ತಾಗಿದ್ರ ಛಲೋ, ಇವನ ಕೈ ತಾಗಿದ್ರ ಖಲಾಸ್. ಇನ್ನೇನ್ ಹೇಳ್ಬೇಕ್ರಿ? ಕುರಿ ಕಾಯೋ ಕೈಗೆ ಮಶೀನ ಕೊಟ್ಟಿದ್ದ ನಂದ ತಪ್ಪು.”

ಇಷ್ಟನ್ನೂ ಆ ಮನುಷ್ಯನ ಎದುರಿಗೇ ಹೇಳಿದ. ಆತ ಕಣ್ಣು ಕೂಡ ಅತ್ತಿತ್ತ ಆಡಿಸಲಿಲ್ಲ.

“ಬರೋ ಅಮಾಸಿ ತನಕ ನೋಡ್ತೀನಿ. ಅದಾದಮ್ಯಾಲೂ ಕೆಟ್ಟಿತಂದ್ರ ಇವ ಚೀಲ ಹೊರಬೇಕು, ಇಲ್ಲಾ ಮನಿಗೆ ಹೋಗ್ಬೇಕು.”

ಆಪರೇಟರು ಹತ್ತಿರದ ದುಬಲಗುಂಡಿ ಹಳ್ಳಿಯವನು. ನಾನು ‘ಕಾಕಾ’ ಅಂದೆ, ಅದೇ ಹೆಸರಾಯಿತು. ಸಾವಕಾರ ಊಟಕ್ಕೆ ಹೋದ ಮೇಲೆ ಕಾಕಾ ಪ್ಯಾಂಟು ಮೊಣಕಾಲಿನತನಕ ಏರಿಸಿ ತೋರಿಸಿದ. ಹೈವೇ ಮೇಲೆ ಕುರಿ ದಾಟಿಸುವಾಗ ಲಾರಿ ಗುದ್ದಿ ಕಾಲಲ್ಲಿ ಸರಳು ಕೂತಿದೆ. ಕುರಿ ಹಿಂದೆ ನಡೆಯಲು ಆಗುವುದಿಲ್ಲ, ಹೊಲದಲ್ಲಿ ಬಗ್ಗಲು ಆಗುವುದಿಲ್ಲ.

“ಕುಂತು ಮಾಡೋ ಕೆಲಸ ಹುಮನಾಬಾದಿನ್ಯಾಗ ಇದೊಂದ ಸಿಕ್ತ್ರಿ ಮೇಡಂ. ಚೀಲ ಹೊತ್ರ ಈ ಕಾಲು ಎಷ್ಟ್ ದಿನ ತಾಳ್ತದ, ನೀವ ಹೇಳ್ರಿ.”

“ವೈರ್ ಕಿತ್ತು ಹಾಕು ಅಂತ ನಿಮಗೆ ಹೇಳಿಕೊಟ್ಟವರು ಯಾರು ಕಾಕಾ?”

“ನಿಮ್ಮ ಕಂಪನಿಯವ್ರ, ಫೋನಿನ್ಯಾಗ. ಕ್ಯಾಮೆರಾ ನಿಂತ್ರ ಕಿತ್ತು ಹಾಕು, ಮತ್ತೇನೂ ಮುಟ್ಟಬ್ಯಾಡ ಅಂದ್ರು. ಅಷ್ಟ ಮಾಡೀನಿ.”

ನನಗೆ ಪಿತ್ತ ನೆತ್ತಿಗೇರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಇಲ್ಲಿ ಬರೆ ಹಾಕುವ ಕಬ್ಬಿಣ ಕಾಯಿಸಿಕೊಟ್ಟವರು ನಮ್ಮವರೇ. ಮ್ಯಾನೇಜರನಿಗೆ ಫೋನು ಹಚ್ಚಿದೆ. ಆಪರೇಟರ್ ಪದೇ ಪದೇ ವೈರ್ ಕಿತ್ತಿದ್ದರಿಂದ ತೊಂದರೆ ಆಗಿದೆ ಎಂದು ಸಾವಕಾರನಿಗೆ ಹೇಳಿ ಬಂದುಬಿಡು, ಅಂದ ಆ ಪುಣ್ಯಾತ್ಮ. ಕೀಳಲು ಹೇಳಿದ್ದು ನಾವೇ ಅಲ್ಲವೇ ಎಂದೆ. ಅದನ್ನು ಅವರಿಗೆ ಹೇಳಬೇಕಾಗಿಲ್ಲ ಅಂದ. ನಾನು ಫೋನು ಇಟ್ಟೆ.

ಮರುದಿನ ಬೆಳಿಗ್ಗೆ ಬಸ್ಸಿಗೆ ಲ್ಯಾಪ್‌ಟಾಪು, ಜೋಳದ ರೊಟ್ಟಿ ಕಟ್ಟಿಕೊಂಡು ಹೊರಟೆ. ಮೊದಲು ಸುಲಭದ ಕಳ್ಳರನ್ನು ಹಿಡಿದು ನೋಡಿದೆ. ವೈರು ಬದಲಿಸಿದೆ. ಕ್ಯಾಮೆರಾದ ಮೇಲಿನ ಬೇಳೆಧೂಳು ಒರೆಸಿದೆ. ಕ್ಯಾಮೆರಾ ನಿಲ್ಲುವುದು ಯಾಕೆ ಎಂಬುದು ಸಂಜೆಯೊಳಗೆ ತಿಳಿಯಿತು: ಸಿಪ್ಪೆ ಬಿಡಿಸುವ ದೊಡ್ಡ ಮೋಟರು ಚಾಲೂ ಆದ ಗಳಿಗೆಯಲ್ಲಿ ಕರೆಂಟು ಕುಸಿದು ಕ್ಯಾಮೆರಾ ಮೂರ್ಛೆ ಹೋಗುತ್ತಿತ್ತು. ಅದು ದೊಡ್ಡ ಮಾತಲ್ಲ, ಯಾವ ಮಿಲ್ಲಿನಲ್ಲೂ ಆಗುವಂಥದ್ದು. ವೈರು ಕಿತ್ತು ಹಾಕಿದರೆ ಎದ್ದು ಕೂರಬೇಕು. ಏಳುತ್ತಿತ್ತು ಕೂಡ. ಎದ್ದ ಮೇಲೆ ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ಹುಚ್ಚು. ಅದು ಯಾಕೆ?

ಮರುದಿನ ಮುಂಜಾನೆ ನಾನೇ ಕಿತ್ತು ಹಾಕಿದೆ. ಸರಿಯಾಯಿತು. ಮತ್ತೆ ಕಿತ್ತೆ. ಸರಿಯಾಯಿತು. ಮೂರನೆಯ ಸಲವೂ ಸರಿ. ಹಾಳಾದ ಮಶೀನು ನನ್ನ ಮರ್ಯಾದೆ ಉಳಿಸಿ ಕಾಕಾನ ಮಾನ ಕಳೆಯಲು ಪಣ ತೊಟ್ಟ ಹಾಗಿತ್ತು.

“ನೋಡ್ರಿ!” ಅಂದ ಸಾವಕಾರ. “ನಿಮ್ಮ ಕೈಲೆ ಹ್ಯಾಂಗ ನಡ್ಯಾಕತ್ತದ. ಏಯ್, ಬಾ ಇಲ್ಲಿ. ಈಗ ನೀ ಕೀಳು.”

ಹಮಾಲರನ್ನೆಲ್ಲಾ ಕರೆದ. ಕಾಕಾ ಕೈಯನ್ನು ಅಂಗಿಗೆ ಒರೆಸಿಕೊಂಡು ಬಂದು, ಮಗುವಿನ ಕಿವಿ ಹಿಡಿದಷ್ಟು ಮೆಲ್ಲಗೆ ವೈರು ಕಿತ್ತು ಹಾಕಿದ. ಗಾಳಿಯ ನಳಿಕೆಗಳು ಒಮ್ಮೆಲೇ ಪಟಪಟ ಹೊಡೆಯತೊಡಗಿದವು. ಒಳ್ಳೆಯ ಬೇಳೆಯೆಲ್ಲಾ ಕಸದ ಕಡೆಗೆ ಹಾರಿ ಬಿತ್ತು. ಯಾರೋ ಒಬ್ಬ ಶಿಳ್ಳೆ ಹೊಡೆದ. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾವಕಾರ ನಗಲಿಲ್ಲ. ಕಸದ ರಾಶಿ ತೋರಿಸಿ, “ಕುಂದ್ರು. ಒಂದೊಂದ ಬೇಳಿ ಆರಿಸಿ ತೆಗಿ,” ಅಂದ.

ಕಾಕಾ ಸರಳಿನ ಕಾಲು ಮುಂದಕ್ಕೆ ಚಾಚಿಕೊಂಡು ರಾಶಿಯ ಮೇಲೆ ಕೂತು, ಕಲ್ಲಿನ ನಡುವಿನಿಂದ ಬೇಳೆ ಆರಿಸತೊಡಗಿದ. ಹೋಗುವವರು ಬರುವವರು ಒಂದೊಂದು ಮಾತು ಒಗೆದು ಹೋದರು. “ಕಾಕಾ, ಕುರಿ ಎಣಸಾಕತ್ತೀಯೇನ?” ಅಂದ ಒಬ್ಬ. ಊಟದ ಹೊತ್ತಾದರೂ ಆತ ಹಾಗೇ ಕೂತಿದ್ದ. ನನಗೆ ಮೈ ಉರಿದುಹೋಯಿತು. ಆದರೆ ಬೈದು ಆಗುವುದೇನು? ನನ್ನ ಹತ್ತಿರ ಪುರಾವೆ ಇರಲಿಲ್ಲ.

ಮಧ್ಯಾಹ್ನ ಹಟಕ್ಕೆ ಬಿದ್ದು ನಾನೇ ಕೀಳುತ್ತಾ ಹಾಕುತ್ತಾ ಕೂತೆ. ಕೊನೆಗೆ ನನ್ನ ಕೈಯಲ್ಲೂ ಹುಚ್ಚು ಹಿಡಿಯಿತು. ಆ ಕೆಟ್ಟದ್ದನ್ನು ನೋಡಿ ಖುಷಿಪಟ್ಟವಳು ನಾನೊಬ್ಬಳೇ ಇರಬೇಕು. ಸಾವಕಾರನನ್ನು ಕರೆದು ತೋರಿಸಿದೆ.

“ನೋಡ್ರಿ, ನನ್ನ ಕೈಯಲ್ಲೂ ಆಯ್ತು. ಈಗ ನನ್ನ ಕೈಗುಣಕ್ಕೆ ಏನಂತೀರಿ?”

ಆತ ವೈರಿನತ್ತ ಬೆರಳು ಮಾಡಿದ. “ಮುಂಜಾನಿ ಇವ ಮುಟ್ಟಿದ ವೈರನ್ನ ನೀವು ಹಿಡದೀರಲ್ರಿ ಮೇಡಂ. ತಗಲ್ತದ.”

ಇಂಥ ಶಾಸ್ತ್ರಕ್ಕೆ ಎದುರು ವಾದವೇ ಇಲ್ಲ. ಯಾವ ಕಡೆಯಿಂದ ಹೊಡೆದರೂ ಪೆಟ್ಟು ಬೀಳುವುದು ಅದೇ ಬೆನ್ನಿಗೆ.

ಬಾಯಿ ಮುಚ್ಚಿಕೊಂಡು ರಿಂಗಿಗೆ ಇಳಿದೆ. ರಿಂಗ್ ಅಂದರೆ ಮೆಮೊರಿಯಲ್ಲಿ ದುಂಡಗೆ ಜೋಡಿಸಿದ ಗೂಡುಗಳು ಅಂದುಕೊಳ್ಳಿ. ನಮ್ಮ ಡ್ರೈವರು ಒಂದೊಂದು ಗೂಡಿನಲ್ಲಿ ಒಂದೊಂದು ಚೀಟಿ ಇಡುತ್ತಾ ಹೋಗುತ್ತದೆ: “ಮುಂದಿನ ಚಿತ್ರವನ್ನು ಇಂಥ ಡಬ್ಬಿಗೆ ಹಾಕು.” ಯುಎಸ್‌ಬಿ ಕಂಟ್ರೋಲರ್ ಎಂಬ ಚಿಪ್ಪು ಹಿಂದಿನಿಂದ ಬಂದು ಚೀಟಿ ಓದಿ, ಕ್ಯಾಮೆರಾದ ಚಿತ್ರವನ್ನು ಆ ಡಬ್ಬಿಗೆ ಹಾಕುತ್ತದೆ. ಗೂಡು ಮುಗಿದ ಮೇಲೆ ಮತ್ತೆ ಮೊದಲನೆಯದಕ್ಕೆ. ಹಳೆಯ ಚೀಟಿಗಳನ್ನು ಯಾರೂ ಹರಿದು ಒಗೆಯುವುದಿಲ್ಲ, ಅಲ್ಲೇ ಬಿದ್ದಿರುತ್ತವೆ. ಹಾಗಾದರೆ ಯಾವುದು ಹೊಸದು ಯಾವುದು ಹಳೆಯದು ಎಂದು ಚಿಪ್ಪಿಗೆ ತಿಳಿಯುವುದು ಹೇಗೆ? ಅದಕ್ಕೊಂದು ಗುರುತು. ಈ ಸುತ್ತಿನಲ್ಲಿ ಇಟ್ಟ ಚೀಟಿಗೆಲ್ಲಾ ಒಂದು, ಮುಂದಿನ ಸುತ್ತಿನವಕ್ಕೆ ಸೊನ್ನೆ, ಆಮೇಲೆ ಮತ್ತೆ ಒಂದು. ಈಗ ಯಾವ ಗುರುತಿನ ಸುತ್ತು ನಡೆದಿದೆ ಎಂಬುದರಲ್ಲಿ ಡ್ರೈವರಿಗೂ ಚಿಪ್ಪಿಗೂ ಒಮ್ಮತ ಇರಬೇಕು. ಅದೊಂದು ತಪ್ಪಿದರೆ ಎಲ್ಲಾ ತಪ್ಪಿತು.

ಚೀಲಗಳ ಮೇಲೆ ಕೂತು ಇಡೀ ರಿಂಗನ್ನು ಸ್ಕ್ರೀನಿನ ಮೇಲೆ ಸುರಿದುಕೊಂಡೆ. ಸರಿಯಾದಾಗ ಒಂದು ಸಲ, ಕೆಟ್ಟಾಗ ಒಂದು ಸಲ. ಅಂಕಿಗಳನ್ನು ನೋಡಿ ನೋಡಿ ಕಣ್ಣು ಮಂಜಾದವು. ಮತ್ತೆ ಕಿತ್ತೆ, ಮತ್ತೆ ಸುರಿದುಕೊಂಡೆ. ಕೆಟ್ಟ ಸಲಗಳಲ್ಲೆಲ್ಲಾ ಡ್ರೈವರು ಸೊನ್ನೆಯ ಸುತ್ತಿನಲ್ಲಿತ್ತು, ಚಿಪ್ಪು ಒಂದರ ಸುತ್ತಿನಲ್ಲಿತ್ತು. ಸರಿಯಾದ ಸಲಗಳಲ್ಲಿ ಎರಡೂ ಒಂದರಲ್ಲೇ.

ಹುಡುಕಿದರೆ ಕೋಡಿನಲ್ಲಿ ಒಂದು ಸಾಲು. ಕ್ಯಾಮೆರಾವನ್ನು ಮತ್ತೆ ಜೋಡಿಸಿದಾಗ ನಮ್ಮ ಡ್ರೈವರು ಹೊಸ ರಿಂಗ್ ಮಾಡುತ್ತಿರಲಿಲ್ಲ, ಜಾಗ ಉಳಿಸಲೆಂದು ಹಳೆಯದನ್ನೇ ಬಳಸುತ್ತಿತ್ತು. ಇಲ್ಲಿಂದ ಓದು ಎಂದು ಚಿಪ್ಪಿಗೆ ಗೂಡು ತೋರಿಸುವಾಗ ಗುರುತನ್ನೂ ಹೇಳಬೇಕು. ಯಾವಾಗಲೂ ‘ಒಂದು’ ಎಂದೇ ಹೇಳುತ್ತಿತ್ತು! ಬರೆದವನು ಕಂಪನಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಒಂದರ ಸುತ್ತು ನಡೆದಾಗ ವೈರು ಕಿತ್ತರೆ ಬಚಾವು. ಸೊನ್ನೆಯ ಸುತ್ತಿನಲ್ಲಿ ಕಿತ್ತರೆ ಚಿಪ್ಪು ಹಿಂದಿನ ಸುತ್ತಿನ ಹಳೆಯ ಚೀಟಿಗಳನ್ನೇ ಹೊಸವೆಂದು ತಿಳಿದು ಓದುತ್ತಿತ್ತು. ಹೊಸ ಚಿತ್ರ ಹಳೆಯ ಡಬ್ಬಿಗೆ ಬೀಳುತ್ತಿತ್ತು, ನಾವು ಹೊಸ ಡಬ್ಬಿ ತೆರೆದು ಯಾವಾಗಲೋ ಬಿದ್ದ ಬೇಳೆಯ ಚಿತ್ರ ನೋಡಿ ಗಾಳಿ ಹೊಡೆಯುತ್ತಿದ್ದೆವು. ಮೇನ್ ಸ್ವಿಚ್ ಇಳಿಸಿ ಏರಿಸಿದರೆ ಎಲ್ಲಾ ಮೊದಲಿನಿಂದ, ಒಂದರಿಂದಲೇ ಶುರು. ಅಮಾವಾಸ್ಯೆಯ ಮಹಿಮೆ ಇಷ್ಟೇ.

“ಕಾಕಾ,” ಎಂದು ಕೂಗಿದೆ. “ನಿಮ್ಮ ಕೈ ಅಲ್ಲ. ನಮ್ಮದೇ ತಪ್ಪು. ಸಿಕ್ಕಿತು.”

ಆತ ಬೇಳೆ ಆರಿಸುವುದನ್ನು ಬಿಟ್ಟು ಎದ್ದು ಬಂದ. ಸ್ಕ್ರೀನಿನ ಅಂಕಿಗಳನ್ನು ನೋಡಿದ. ಏನು ತಿಳಿಯಿತೋ, ಕಣ್ಣು ತುಂಬಿಕೊಂಡ. “ಖರೇನಾ ಯವ್ವಾ? ದೇವ್ರಾಣಿ ನಾ ಮೆಲ್ಲಕ ಕೀಳ್ತಿದ್ದೆ,” ಅಂದ.

ಮ್ಯಾನೇಜರನಿಗೆ ಹೇಳಿದೆ. ಆ ಒಂದು ಸಾಲು ತಿದ್ದಿ ಹೊರಟು ಬಾ ಅಂದ. ತಿದ್ದಿದ್ದರೆ ಸಾಕಿತ್ತು, ನಿಜ. ಮೋಟರು ಚಾಲೂ ಆದಾಗ ಕ್ಯಾಮೆರಾ ಮೂರ್ಛೆ ಹೋಗುತ್ತಿತ್ತು, ಕಾಕಾ ಕಿತ್ತು ಹಾಕುತ್ತಿದ್ದ, ಈ ಸಲ ಎಲ್ಲಾ ಸರಿ ಬರುತ್ತಿತ್ತು. ಆದರೆ ನಾನು ಸಾವಕಾರನ ಮುಖ ನೋಡಿದ್ದೆ. ನಾಳೆ ಬೆಲ್ಟು ಹರಿದರೂ ಕಾಂಪ್ರೆಸರ್ ಸುಟ್ಟರೂ ಆತ ನೋಡುವುದು ವೈರು ಹಿಡಿದ ಕೈಯನ್ನೇ. ಆ ಕೈಯನ್ನು ವೈರಿನಿಂದಲೇ ಬಿಡಿಸಿಬಿಡಬೇಕು ಅನ್ನಿಸಿತು. ಕ್ಯಾಮೆರಾ ನಿಂತದ್ದನ್ನು ಡ್ರೈವರೇ ಕಂಡುಹಿಡಿದು, ರಿಂಗ್ ನಿಲ್ಲಿಸಿ, ವೈರು ಸಿಕ್ಕಿಸಿದ ಪೋರ್ಟಿನ ಕರೆಂಟನ್ನು ತಾನೇ ತೆಗೆದು ಹಾಕಿ, ಮತ್ತೆ ಶುರು ಮಾಡುವಂತೆ ಬರೆಯುವುದು ಎಂದು ನಿಶ್ಚಯಿಸಿದೆ. ಯಾರೂ ಏನೂ ಮುಟ್ಟಬೇಕಾಗಿಲ್ಲ. ಯಾರ ಕೈಗುಣದ ಮಾತೂ ಏಳುವುದಿಲ್ಲ. ಕಂಪನಿ ಕೇಳಿರಲಿಲ್ಲ. ನಾನಾಗಿಯೇ ಮಾಡಿದೆ.

ಬರೆಯಲು ಒಂದು ವಾರ ಹಿಡಿಯಿತು. ಬಸವಕಲ್ಯಾಣದ ಖೋಲಿಯಲ್ಲಿ ಸರಿಯಾಗಿ ನಡೆದದ್ದು ಮಿಲ್ಲಿಗೆ ತಂದು ಹಾಕಿದ ದಿನವೇ ಕೈಕೊಟ್ಟಿತು. ರಿಂಗ್ ನಿಲ್ಲಿಸು ಎಂದು ಚಿಪ್ಪಿಗೆ ಹೇಳಿದ ಮೇಲೆ, “ನಿಲ್ಲಿಸಿದೆ” ಎಂಬ ಅದರ ಉತ್ತರಕ್ಕೆ ಕಾಯಬೇಕು. ನಾನು ಕಾಯದೆ ಮುಂದಿನ ಕೆಲಸಕ್ಕೆ ಗಂಟೆ ಬಾರಿಸಿಬಿಡುತ್ತಿದ್ದೆ. ಚಿಪ್ಪು ಮರದ ಕೊರಡಿನ ಹಾಗೆ ಬಿದ್ದುಕೊಂಡಿತು. ಎರಡೂ ಕ್ಯಾಮೆರಾ ಸತ್ತವು, ಮಿಲ್ಲು ಮಧ್ಯಾಹ್ನವೆಲ್ಲಾ ನಿಂತಿತು. ಸಾವಕಾರ ಓಡಿ ಬಂದ. ಕಾಕಾ ಮಶೀನಿನಿಂದ ಹತ್ತು ಮಾರು ದೂರ ಗೋಡೆಗೆ ಒರಗಿ ನಿಂತಿದ್ದ. ಸಾವಕಾರ ನೆಟ್ಟಗೆ ಅವನ ಹತ್ತಿರವೇ ಹೋದ.

“ಏನ್ ಮಾಡ್ದಿ? ಏನ್ ಮುಟ್ಟಿದಿ?”

“ಏನೂ ಮುಟ್ಟಿಲ್ರಿ ಸಾವ್ಕಾರ್ರ.”

“ಮುಟ್ಟಲಾರ್ದ ಕೆಡಸ್ತಿ ನೀ! ನೆಳ್ಳ ಬಿದ್ರ ಸಾಕು!”

“ನಾನು ಕೆಡಿಸಿದ್ದು,” ಎಂದು ಚೀರಿದೆ. “ನನ್ನ ಕೋಡು. ಬೈಯುವುದಿದ್ದರೆ ನನಗೆ ಬೈಯಿರಿ.”

ಸಾವಕಾರ ನನ್ನ ಕಡೆ ತಿರುಗಿ, “ನಿಮಗ್ಯಾಕ ಬೈಲ್ರಿ ಮೇಡಂ, ಚಾ ತಗೋರಿ,” ಅಂದ. ಆಮೇಲೆ ಕಾಕಾನನ್ನು ಗೇಟಿನ ಹೊರಗೆ ಬಿಸಿಲಲ್ಲಿ ನಿಲ್ಲಿಸಿದ. ಮಶೀನಿಗೆ ಅವನ ಮುಖ ಕಾಣಬಾರದಂತೆ. ನಾನು ಚಹಾ ಕುಡಿಯಲಿಲ್ಲ, ಅದರಿಂದ ಅವನ ಬಿಸಿಲೇನೂ ಕಡಿಮೆಯಾಗಲಿಲ್ಲ.

ಉತ್ತರಕ್ಕೆ ಕಾಯುವಂತೆ ತಿದ್ದಿದೆ. ಉತ್ತರ ಬರದೇ ಹೋದರೆ ಏನು ಮಾಡಬೇಕು ಎಂದೂ ಬರೆದೆ. ಬೇಕೆಂದೇ ದೊಡ್ಡ ಮೋಟರನ್ನು ನಿಲ್ಲಿಸಿ, ಚಾಲೂ ಮಾಡಿ, ಮತ್ತೆ ನಿಲ್ಲಿಸಿ ಕಾಡಿದೆ. ಪ್ರತಿ ಸಲ ಕ್ಯಾಮೆರಾ ಬಿತ್ತು, ಪ್ರತಿ ಸಲ ತಾನೇ ಎದ್ದಿತು. ಒಂದರ ಸುತ್ತಿನಲ್ಲೂ ಎದ್ದಿತು, ಸೊನ್ನೆಯ ಸುತ್ತಿನಲ್ಲೂ ಎದ್ದಿತು. ಒಂದೇ ಒಂದು ಒಳ್ಳೆಯ ಬೇಳೆ ಕಸಕ್ಕೆ ಹಾರಲಿಲ್ಲ ಎಂದು ಹೇಳಲಾರೆ, ಆದರೆ ಹುಚ್ಚು ಬಿಟ್ಟಿತು.

ಇನ್ನು ಉಳಿದದ್ದು ಅಮಾವಾಸ್ಯೆ. ಮೇನ್ ಸ್ವಿಚ್ ಇಳಿಸಿದರೆ ಎಲ್ಲಾ ಮೊದಲಿನಿಂದ ಶುರುವಾಗುತ್ತದೆ, ಸರಿಹೋದದ್ದು ಪೂಜೆಯಿಂದ ಎನ್ನುತ್ತಾರೆ. ಇಳಿಸಬೇಡಿ ಎಂದರೆ ಸಾವಕಾರನ ಅಪ್ಪ ಕೇಳುವುದಿಲ್ಲ. ಹಿರಿಯರು, ಅವರ ನಂಬಿಕೆಗೆ ನಾನು ಕೈ ಹಾಕಲು ಹೋಗಲಿಲ್ಲ. ಮೇನ್ ಇಳಿದರೂ ಆರದಿರಲೆಂದು ಕಂಪ್ಯೂಟರ್ ಇರುವ ಕಂಟ್ರೋಲ್ ಪೆಟ್ಟಿಗೆಗೆ ಮಾತ್ರ ಒಂದು ಸಣ್ಣ ಯುಪಿಎಸ್ ಕಟ್ಟಿದೆ, ಸಾವಕಾರನಿಗೆ ತೋರಿಸಿಯೇ ಕಟ್ಟಿದೆ. ಮೇನ್ ಇಳಿಯಿತು, ಕಾಯಿ ಒಡೆಯಿತು, ಕುಂಕುಮ ಬಿತ್ತು. ಪೆಟ್ಟಿಗೆಯೊಳಗೆ ರಿಂಗ್ ಆರದೆ ಹಾಗೇ ಇತ್ತು. ಮರುದಿನದಿಂದ ಮಶೀನು ಓಡಿತು. ಹಿಂದೆಲ್ಲಾ ಹುಚ್ಚು ಹಿಡಿಯುತ್ತಿದ್ದ ದಿನಗಳು ಬಂದವು, ಹೋದವು. ಏನೂ ಆಗಲಿಲ್ಲ.

ಸಾವಕಾರ ಫೋನು ಮಾಡಿದ. “ಒಪ್ಪಿದೆ ಮೇಡಂ. ಕೈಗುಣ ಅಲ್ಲ ಏನಲ್ಲ. ನಿಮ್ಮ ಡ್ರೈವರದ ಕಸೂರ ಇತ್ತು. ಬಂದು ಒಮ್ಮೆ ನೋಡಿ ಹೋಗ್ರಿ.” ನನಗೆ ಎಷ್ಟು ಖುಷಿಯಾಯಿತೆಂದರೆ, ಮಾವನ ಮನೆಯಲ್ಲಿ ಎಲ್ಲರಿಗೂ ಆ ಮಾತನ್ನು ಎರಡೆರಡು ಸಲ ಹೇಳಿದೆ. ಕಾಕಾನಿಗೆ ಕೊಡಲೆಂದು ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಜಿಲೇಬಿ ಕಟ್ಟಿಸಿಕೊಂಡೆ.

ಮಶೀನಿನ ಮುಂದೆ ಯಾರೂ ಇರಲಿಲ್ಲ. ಆತ ಕೂರುತ್ತಿದ್ದ ಸ್ಟೂಲೂ ಇರಲಿಲ್ಲ. ಗಾಳಿ ನಳಿಕೆಗಳು ತಮ್ಮ ಪಾಡಿಗೆ ತಾವು ಹೊಡೆಯುತ್ತಿದ್ದವು.

“ಕಾಕಾ ಎಲ್ಲಿ?”

“ಲೋಡಿಂಗಿಗೆ ಹಾಕೀನಿ,” ಅಂದ ಸಾವಕಾರ, ಮುಖದಲ್ಲಿ ಸಿಟ್ಟಿಲ್ಲ ಏನಿಲ್ಲ.

“ತಪ್ಪು ಅವನದಲ್ಲ ಅಂತ ನೀವೇ ಒಪ್ಪಿದಿರಲ್ಲ!”

“ಒಪ್ಪೀನಲ್ರಿ. ಅಂವಾ ಬೇಕಸೂರ, ಎಲ್ಲಾರ ಮುಂದ ಹೇಳೀನಿ. ಆದ್ರ ಅಂವಾ ಅಲ್ಲಿ ಕುಂತಿದ್ದ ಯಾಕ? ಕ್ಯಾಮೆರಾ ನಿಂತಾಗ ವೈರ್ ಕಿತ್ತು ಹಾಕಾಕ. ಈಗ ಮಶೀನ ತನ್ನ ತಾನ ನೋಡ್ಕೋತದ ಅಂತ ನೀವ ಮಾಡಿ ಕೊಟ್ರಿ. ಸುಮ್ಮ ಕುಂದ್ರಿಸಿ ಏನ್ ಮಾಡ್ಲಿ?”

“ಅವನ ಕಾಲಲ್ಲಿ ಸರಳಿದೆ.”

“ಗೊತ್ತದರಿ. ಆಗಲ್ಲಂದ್ರ ಬಿಡ್ಲಿ, ನಾ ಹಿಡ್ಕೊಂಡಿಲ್ಲ.” ಆಮೇಲೆ ದನಿ ತಗ್ಗಿಸಿ, ಹೊಗಳುವ ಹಾಗೆ, “ಛಲೋ ಮಾಡೀರಿ ಮೇಡಂ ನೀವು, ಬಿಲ್ಕುಲ್ ಛಲೋ,” ಅಂದ.

ಜಿಲೇಬಿಯ ಪೊಟ್ಟಣ ಹಿಡಿದುಕೊಂಡೇ ನಾನು ಮಿಲ್ಲಿನ ಹಿಂಬದಿಗೆ ನಡೆದೆ. ಆತ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಲಾರಿ ಹಿಂಬದಿಯಲ್ಲಿ ನಿಂತಿತ್ತು. ಹಮಾಲರ ಸಾಲಿನ ಕೊನೆಯಲ್ಲಿ ಕಾಕಾ, ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡು. ನನ್ನನ್ನು ನೋಡಿ ನಕ್ಕ. ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

“ಕಾಕಾ, ನಾನು ಹೀಗಾಗಲಿ ಅಂತ ಮಾಡಲಿಲ್ಲ,” ಎಂದೆ.

“ಗೊತ್ತದ ಯವ್ವಾ. ನೀ ನನ್ನ ಸಲುವಾಗೇ ಮಾಡಿದಿ. ಕೈ ಛಲೋ ಅದ ಅಂತ ಎಲ್ಲಾರ್ಗೂ ತೋರಿಸಿದಿ, ಈಗ ಯಾರೂ ನಗಂಗಿಲ್ಲ.” ಎರಡೂ ಕೈಗಳನ್ನು ಒಮ್ಮೆ ಮುಂದೆ ಚಾಚಿ ನೋಡಿಕೊಂಡ. “ಆದ್ರ ಕೈಯ ಬ್ಯಾಡಂತ ಅವ್ರಿಗಿ. ಬೆನ್ನು ಬೇಕಂತ.”

ಸಾಲು ಮುಂದಕ್ಕೆ ಸರಿಯಿತು. ಆತ ಸರಳಿನ ಕಾಲನ್ನು ಅಗಲಿಸಿ ಊರಿ ಬಗ್ಗಿದ, ಇಬ್ಬರು ಎತ್ತಿ ಬೆನ್ನ ಮೇಲೆ ಚೀಲ ಇಟ್ಟರು.